ಅಪ್ಪ ಕಾಟಿಯ ಒಳಗಿದ್ದಾನೆ

ಅಡುಗೆಮನೆಯ ಡಬ್ಬಗಳಲ್ಲಿದ್ದ ಕಾಳುಗಳನ್ನೆಲ್ಲ ನಂಜುಂಡನ್ ಒಂದೇ ಮೊರಕ್ಕೆ ಸುರಿದದ್ದೇ ಎಡವಟ್ಟಾಯಿತು. ಅವರೆ, ರಾಜ್ಮಾ, ಹೆಸರು, ಕಡಲೆ, ಅದರ ಮೇಲೆ ಬಿತ್ತನೆಗೆಂದು ಹೆಂಡತಿ ಇಂದ್ರಾಣಿ ಬೂದಿ ಬೆರೆಸಿ ಜೋಪಾನ ಮಾಡಿಟ್ಟಿದ್ದ ಬಟಾಣಿ. ಎಲ್ಲವನ್ನೂ ಎರಡೂ ಕೈಯಿಂದ ಚೆನ್ನಾಗಿ ಕಲಸಿ, ನಾಲ್ಕು ವರ್ಷದ ಮಗಳ ಮುಂದಿಟ್ಟು, "ಅಭೀ, ಇದನ್ನ ಬೇರೆ ಬೇರೆ ಮಾಡಮ್ಮ" ಅಂದ. ಅಂದು ಒಂದು ಲೋಟ ಚಹಾ ಹಿಡಿದು ಬಿಸಿಲಿಗೆ ಬೆನ್ನು ಕೊಟ್ಟು ಕೂತ.

ಇದು ಅವನ ಸ್ವಂತ ಬುದ್ಧಿಯಲ್ಲ. ಹತ್ತಿರದ ಎಮರಾಲ್ಡ್ ಊರಿನಲ್ಲಿ ಹೊಸದಾಗಿ ತೆರೆದಿದ್ದ ನರ್ಸರಿಯ ಸಿಂಧುಜಾ ಮಿಸ್ ಹೇಳಿಕೊಟ್ಟದ್ದು. ಸೀಟು ಕೊಡುವ ಮೊದಲು ಆಕೆ ಮಗುವಿನ ಮನೆಗೇ ಬಂದು ನೋಡುತ್ತಿದ್ದಳು. "ಪುಸ್ತಕ ಬೇಡ, ಬರೆಸೋದು ಬೇಡ. ಮನೇಲಿರೋ ಸಾಮಾನಲ್ಲೇ ಆಟ ಆಡಿಸಿ. ಕಾಳು ಬೇರೆ ಮಾಡಿಸಿ, ಜೋಡಿ ಹುಡುಕಿಸಿ, ಪ್ರಾಣಿಗಳ ಕೂಗು ಕಲಿಸಿ. ನಾನು ಶನಿವಾರ ಮಧ್ಯಾಹ್ನ ಬರ್ತೀನಿ" ಅಂದಿದ್ದಳು. ಶನಿವಾರ ಅಂದರೆ ಇವತ್ತೇ.

ಇಂದ್ರಾಣಿ ಟೀ ಫ್ಯಾಕ್ಟರಿಯಲ್ಲಿ ಗುಮಾಸ್ತೆ. ಮನೆಯ ಹಿಂದಿನ ತುಂಡು ಟೀ ತೋಟ, ಮಗಳು, ಇವೆರಡೂ ನಂಜುಂಡನ್ ಪಾಲಿಗೆ. ತೋಟ ಸುಮ್ಮನೆ ನಿಂತಲ್ಲೇ ನಿಂತಿರುತ್ತಿತ್ತು. ಮಗಳು ಹಾಗಲ್ಲ. ಅವಳಿಗೊಂದು ಸೀಟು ಸಿಕ್ಕಿಬಿಟ್ಟರೆ ದಿನಾ ಬೆಳಿಗ್ಗೆ ಹಟ್ಟಿಯ ಯುವಕ ಸಂಘದಲ್ಲಿ ಕೂತು ಮಧ್ಯಾಹ್ನದವರೆಗೆ ಕೇರಂ ಆಡಬಹುದು ಅನ್ನುವ ಆಸೆ ಅವನ ಎದೆಯಲ್ಲಿ ತಿಂಗಳುಗಟ್ಟಲೆಯಿಂದ ಮೊಟ್ಟೆಗೆ ಕಾವು ಕೊಡುವ ಕೋಳಿಯ ಹಾಗೆ ಕೂತಿತ್ತು.

ತನ್ನ ಅವ್ವೆಯ ಆಪರೇಷನ್ ಆದ ಕಣ್ಣಿನ ಕಟ್ಟು ಬಿಚ್ಚಿಸಲು ಊಟಿಗೆ ಹೊರಟ ಇಂದ್ರಾಣಿ ಬಾಗಿಲಲ್ಲಿ ನಿಂತು, "ನಿನ್ನ ಕೈಲಿ ಆಗುತ್ತಾ?" ಎಂದು ಕೇಳಿದ್ದಳು.

"ನಾಲ್ಕು ವರ್ಷದ ಮಗು, ಮೂರು ಆಟ. ಇದಕ್ಕೇನು ಕಲೆಕ್ಟರ್ ಬರಬೇಕಾ?" ಎಂದು ನಂಜುಂಡನ್ ನಕ್ಕಿದ್ದ.

ಚಹಾ ಮುಗಿಸಿ ತಿರುಗಿ ನೋಡಿದರೆ ಮೊರ ಖಾಲಿ. ಪಕ್ಕದ ಮನೆಯ ಮಾದಿ ಹೆತ್ತೆಯ ಅಂಗಳದಲ್ಲಿ ಅಭಿನಯಾ ಕುಕ್ಕರುಗಾಲಲ್ಲಿ ಕೂತಿದ್ದಳು. ಸುತ್ತ ಕೋಳಿಗಳು ಮದುವೆ ಊಟಕ್ಕೆ ಕೂತವರ ಹಾಗೆ ತಲೆಯೆತ್ತದೆ ತಿನ್ನುತ್ತಿದ್ದವು.

"ಏನೇ ಮಾಡ್ದೆ?"

"ಬೇರೆ ಬೇರೆ ಮಾಡ್ದೆ. ಇದು ಕೋಳಿ ತಿನ್ನೋದು" ಎಂದು ನೆಲ ತೋರಿಸಿದಳು. ಆಮೇಲೆ ಮುಷ್ಟಿ ಬಿಚ್ಚಿ, "ಇದು ಕೋಳಿ ತಿನ್ನದ್ದು" ಅಂದಳು. ಮುಷ್ಟಿಯಲ್ಲಿ ಮೂರು ರಾಜ್ಮಾ ಕಾಳು, ಒಂದು ಅಂಗಿಯ ಗುಂಡಿ.

ಮಾದಿ ಹೆತ್ತೆ ಹಟ್ಟಿಗೆಲ್ಲ ಅಜ್ಜಿ. ಕಣ್ಣು ಮಂಜಾದರೂ ಬಾಯಿ ಚುರುಕು. "ಲೇ ನಂಜುಂಡಾ, ಬೂದಿ ಹಾಕಿದ ಕಾಳು ಯಾರಾದ್ರೂ ಕೋಳಿಗೆ ಹಾಕ್ತಾರೇನೋ? ನನ್ನ ಕೋಳಿಗೆ ಏನಾದ್ರೂ ಆಗ್ಲಿ, ನಿನ್ನ ಮನೆ ಬಾಗಿಲಲ್ಲೇ ಕೂತು ಅಳ್ತೀನಿ" ಅಂದಳು. ಅಂದವಳು ಅಂಗಳದ ಕಟ್ಟೆಯ ಮೇಲೆ ಕೂತು ಪ್ರತಿ ಕೋಳಿಯ ಮುಖವನ್ನೂ ಪರೀಕ್ಷಿಸತೊಡಗಿದಳು.

ಎರಡನೆಯ ಆಟ ಜೋಡಿ ಹುಡುಕುವುದು. ಈ ಸಲ ನಂಜುಂಡನ್ ಹುಷಾರಾಗಿ ಮನೆಯಲ್ಲಿದ್ದ ಉಣ್ಣೆಯ ಕಾಲುಚೀಲಗಳನ್ನಷ್ಟೇ ಗುಡ್ಡೆ ಹಾಕಿದ. ಅಭಿನಯಾ ಕಣ್ಣುಮುಚ್ಚಿ ತೆರೆಯುವುದರೊಳಗೆ ಜೋಡಿ ಮಾಡಿಟ್ಟು, "ಇನ್ನೂ ಬೇಕು" ಅಂದಳು. ನಂಜುಂಡನ್‌ಗೆ ಹೆಮ್ಮೆಯಿಂದ ಎದೆಯುಬ್ಬಿತು. "ಇರು, ನನ್ನ ಬೂಟು ತರ್ತೀನಿ" ಎಂದು ಒಳಗೆ ಹೋದ. ಬೂಟು ಮಂಚದಡಿಯಲ್ಲಿತ್ತು. ಮಂಚದ ಮೇಲೆ ದಿಂಬಿತ್ತು. ಒಂದೇ ಒಂದು ನಿಮಿಷ ಎಂದು ತಲೆಯಿಟ್ಟ.

ಎದ್ದದ್ದು ಹೊರಗಿನ ಗಲಾಟೆಗೆ. ಆ ಹೊತ್ತಿಗೆ ಬಿಸಿಲು ಮಾಡಿನ ಆ ಕಡೆಗೆ ಸರಿದಿತ್ತು. ಟೀ ಸೊಪ್ಪು ತುಂಬುವ ಗೋಣಿಯೊಂದು ಅಂಗಳದಲ್ಲಿ ಬಾಯ್ತೆರೆದು ಬಿದ್ದಿತ್ತು. ಅದರಿಂದ ಹೊರಬಂದ ಚಪ್ಪಲಿ, ಬೂಟು, ಸ್ಯಾಂಡಲ್ಲುಗಳು ಜಗಲಿಯ ತುಂಬ ಸಾಲುಗಟ್ಟಿದ್ದವು. ಅಭಿನಯಾ ಅವನ್ನು ಬಣ್ಣ ನೋಡಿ ಜೋಡಿ ಮಾಡಿದ್ದಳು. ಕಪ್ಪು ಬೂಟಿಗೆ ಹೆಂಗಸಿನ ಕಪ್ಪು ಹೈಹೀಲ್ಡ್ ಚಪ್ಪಲಿ, ಕಂದು ಸ್ಯಾಂಡಲ್ಲಿಗೆ ಕಂದು ಹವಾಯಿ.

ಎದುರು ಮನೆಯ ದಿನೇಶ್‌ಕುಮಾರ್ ಬರಿಗಾಲಲ್ಲಿ ಕುಣಿಯುತ್ತಿದ್ದ. ಅವನ ತಂಗಿ ಜನನಿಯನ್ನು ನೋಡಲು ಕುನ್ನೂರಿನಿಂದ ಗಂಡಿನ ಕಡೆಯವರು ಬಂದಿದ್ದರು.

"ನಂಜುಂಡಣ್ಣ, ಏನಣ್ಣ ಇದು! ಒಳಗೆ ಎಲ್ಲ ಒಪ್ಪಿಗೆಯಾಯ್ತು ಅಂತ ಎದ್ದು ಹೊರಗೆ ಬಂದ್ರೆ ಬಾಗಿಲಲ್ಲಿ ಒಂದೇ ಒಂದು ಚಪ್ಪಲಿ ಇಲ್ಲ. ಗಂಡಿನ ಅಪ್ಪ ನಮ್ಮನ್ನ ನೋಡೋ ನೋಟ ಹೇಗಿದೆ ಗೊತ್ತಾ? 'ಚಪ್ಪಲಿನೇ ಬಿಡದವರು ಹುಡುಗೀನ ಹೇಗೆ ಕಳಿಸ್ತಾರೆ' ಅಂತಿದ್ದಾರೆ!"

"ಮಗು ಕಲೀತಿದೆ, ದಿನೇಶಾ."

"ಯಾವ ಸ್ಕೂಲಲ್ಲಿ ಇದನ್ನ ಕಲಿಸ್ತಾರಣ್ಣ?"

ಗಂಡಿನ ಕಡೆಯವರು ನೆರಳಿಗೆ ತಣ್ಣಗಾದ ಹುಲ್ಲಿನ ಮೇಲೆ ಕೊಕ್ಕರೆಗಳ ಹಾಗೆ ಒಂದೊಂದೇ ಕಾಲೆತ್ತಿ ಇಡುತ್ತ ಬಂದು, ತಮ್ಮ ತಮ್ಮ ಚಪ್ಪಲಿ ಹುಡುಕತೊಡಗಿದರು. ಅಭಿನಯಾ ಒಬ್ಬೊಬ್ಬರ ಕೈಯಿಂದಲೂ ಕಿತ್ತುಕೊಂಡು ಮತ್ತೆ ಜಾಗಕ್ಕಿಟ್ಟು, "ಮುಟ್ಬೇಡಿ, ನಾನು ಜೋಡಿ ಮಾಡಿದ್ದೀನಿ" ಎಂದು ಗದರಿದಳು. ನಂಜುಂಡನ್ ಮಗಳನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಇನ್ನು ಸಾಮಾನು ಮುಟ್ಟದ ಆಟವೇ ಸರಿ ಅನ್ನಿಸಿತು. ಪ್ರಾಣಿಗಳ ಕೂಗು.

ನಾಯಿ ಬೊಗಳಿದ. ಅಭಿನಯಾ ಆಕಳಿಸಿದಳು. ಬೆಕ್ಕಾದ, ಹುಂಜನಾದ. ಅವಳು ಕಿಟಕಿ ನೋಡುತ್ತ ಕೂತಳು.

"ಮತ್ತೇನು ಬೇಕಮ್ಮ?"

"ಕಾಟಿ."

ಕಾಟಿ ಅಂದರೆ ಕಾಡುಕೋಣ; ಅವಕ್ಕೆ ಆ ಕಡೆ ಬರವಿಲ್ಲ. ಮೂರು ದಿನದಿಂದ ಒಂದು ಒಂಟಿ ಕಾಟಿ ಹಟ್ಟಿಯ ಕ್ಯಾರೆಟ್ ಹೊಲಗಳಲ್ಲಿ ಸುತ್ತುತ್ತಿತ್ತು. ನಂಜುಂಡನ್ ಮೊಣಕಾಲೂರಿ ಬುಸ್ ಅಂದ. "ಹಾಗಲ್ಲ" ಅಂದಳು. ಕಾಟಿ ಕಪ್ಪಗಿರಬೇಕು. ಇಂದ್ರಾಣಿಯ ಕಪ್ಪು ಕಂಬಳಿ ಹೊದ್ದ. ಕೊಂಬು ಬೇಕು. ಕಿವಿ ಮುಚ್ಚುವ ಉಣ್ಣೆ ಟೊಪ್ಪಿ ಹಾಕಿಕೊಂಡು ಎರಡೂ ಕಡೆ ಒಂದೊಂದು ಸೌಟು ಸಿಕ್ಕಿಸಿದ.

"ಅಪ್ಪ, ಕಾಟಿಗೆ ಬಿಳಿ ಸಾಕ್ಸ್ ಇರುತ್ತೆ."

ಮಾತು ನಿಜ. ಕಾಟಿಯ ಮೊಣಕಾಲಿನಿಂದ ಕೆಳಗೆ ಬಿಳಿ. ಹಾಗಾಗಿ ಎರಡು ಕಾಲಿಗೂ ಎರಡು ಕೈಗೂ ಬಿಳಿ ಕಾಲುಚೀಲ ಬಂತು. ಕಂಬಳಿ ಜಾರದಿರಲೆಂದು ಅಭಿನಯಾ ಸೊಪ್ಪಿನ ಮೂಟೆ ಕಟ್ಟುವ ಹಗ್ಗವನ್ನು ಅವನ ಹೊಟ್ಟೆಗೆ ಸುತ್ತಿ ಸುತ್ತಿ, ಕೈಗೆ ಸಿಕ್ಕಲ್ಲೆಲ್ಲ ಗಂಟು ಹಾಕಿದಳು. ನಂಜುಂಡನ್‌ಗೆ ಈಗ ನಿಜಕ್ಕೂ ಹುರುಪು ಬಂತು. ಮಿಸ್ ಬಂದು ಇದನ್ನು ನೋಡಿದರೆ ಸೀಟೇನು, ಬಹುಮಾನವನ್ನೇ ಕೊಟ್ಟಾಳು ಅಂದುಕೊಂಡು ಎದೆ ತುಂಬ ಗಾಳಿಯೆಳೆದು, ಗೋಡೆಗೆ ತಗುಲಿಸಿದ್ದ ಪಾತ್ರೆಗಳು ಅಲುಗುವಂತೆ ಗುಟುರು ಹಾಕಿದ. ಆ ರಭಸಕ್ಕೆ ಟೊಪ್ಪಿ ಸೌಟು ಸಮೇತ ಕೆಳಗೆ ಜಾರಿ ಕಣ್ಣು, ಮೂಗು, ಬಾಯಿ ಮುಚ್ಚಿಕೊಂಡಿತು.

ಅಭಿನಯಾ ಚಪ್ಪಾಳೆ ತಟ್ಟಿ, ಚಿಲಕ ಸರಿಸಿ, ಇಷ್ಟು ಚೆಂದದ ಕಾಟಿಯನ್ನು ನಾಲ್ಕು ಜನಕ್ಕೆ ತೋರಿಸಬೇಕೆಂದು ಹೊರಗೆ ಓಡಿದಳು.

"ಹೆತ್ತೆ! ನಮ್ಮನೇಲಿ ಕಾಟಿ!"

ಕೋಳಿ ಪರೀಕ್ಷೆಯಲ್ಲಿದ್ದ ಮಾದಿ ಹೆತ್ತೆ ಎದ್ದು ಬಂದು ಕಿಟಕಿಯಲ್ಲಿ ಇಣುಕಿದಳು. ಒಳಗೆ ಕಪ್ಪಗೆ, ದಪ್ಪಗೆ, ಬಿಳಿ ಕಾಲಿನದೇನೋ ಕುರುಡಾಗಿ ಗೋಡೆಗೆ ತಲೆ ಹಾಯುತ್ತಿತ್ತು. ಹೆತ್ತೆ ಹಾರಿ ಬಾಗಿಲು ದೂಡಿ ಹೊರಗಿನಿಂದ ಅಗುಳಿ ಹಾಕಿದಳು.

"ಮಗಾ, ನಿನ್ನ ಅಪ್ಪ ಎಲ್ಲೇ?"

"ಅಪ್ಪ ಕಾಟಿಯ ಒಳಗಿದ್ದಾನೆ."

ಹೆತ್ತೆ ಹಾಕಿದ ಕೂಗಿಗೆ ಚಪ್ಪಲಿ ಹುಡುಕುತ್ತಿದ್ದವರೆಲ್ಲ ಚಪ್ಪಲಿ ಬಿಟ್ಟು ನೆರೆದರು. "ನಂಜುಂಡನ್ನ ಕಾಟಿ ನುಂಗಿಬಿಡ್ತು!"

ಗಂಡಿನ ಅಪ್ಪ ವಿಚಾರವಂತ. "ಕಾಟಿ ಹುಲ್ಲು ತಿನ್ನೋ ಪ್ರಾಣಿಯಲ್ವಾ?" ಅಂದ.

"ಅದು ಮೊದಲು. ಈಗ ರೆಸಾರ್ಟಿನವರು ಬಿಸಾಡಿದ ಬಿರಿಯಾನಿ ತಿಂದು ತಿಂದು ಎಲ್ಲಕ್ಕೂ ರುಚಿ ಹತ್ತಿದೆ" ಎಂದು ಹೆತ್ತೆ ತೀರ್ಪು ಕೊಟ್ಟಳು.

ಒಳಗಿನಿಂದ ಉಣ್ಣೆಯನ್ನು ದಾಟಿ ಕ್ಷೀಣವಾಗಿ, "ನಾನು... ನಂಜುಂಡನ್... ಬಾಗಿಲು ತೆಗೀರಿ" ಎಂಬ ದನಿ ಬಂತು.

"ಅಯ್ಯೋ, ಹೊಟ್ಟೆಯೊಳಗಿಂದ ಮಾತಾಡ್ತಿದ್ದಾನಲ್ಲೋ! ಇನ್ನೂ ಜೀವ ಇದೆ!"

ಅಷ್ಟರಲ್ಲಿ ಕಂಬಳಿಯೊಳಗಿನ ಅಂಗಿ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಇಂದ್ರಾಣಿಯ ಕರೆ. ಕಾಲುಚೀಲದ ಕೈಯಲ್ಲಿ ಗಂಟು ಬಿಚ್ಚಲಾಗದೆ ನಂಜುಂಡನ್ ಬಿದ್ದು ಹೊರಳಾಡಿದ. ಹೊರಗೆ ಎಲ್ಲರೂ ಕೈಮುಗಿದು ಆ ರಿಂಗ್‌ಟೋನ್ ಪೂರ್ತಿ ಕೇಳಿದರು. ದಿನೇಶ್‌ಕುಮಾರ್ ಕಣ್ಣೊರೆಸಿಕೊಂಡು, "ಪಾಪ, ಒಳಗೂ ಟವರ್ ಸಿಗ್ತಿದೆ" ಅಂದ.

ಕ್ಯಾರೆಟ್ ಹೊಲದ ಕಾಟಿಯನ್ನು ಓಡಿಸಲು ಬಂದಿದ್ದ ಫಾರೆಸ್ಟ್ ಗಾರ್ಡ್ ಮಣಿಕಂಡನ್ ಇದೇ ಸದ್ದಿಗೆ ಬೈಕು ತಿರುಗಿಸಿ ಬಂದ. ಕಿಟಕಿಯ ಹತ್ತಿರ ಹೋಗುವ ಧೈರ್ಯ ಅವನಿಗೂ ಇರಲಿಲ್ಲ. "ಎಲ್ಲಾರೂ ದೂರ ನಿಲ್ಲಿ ಸಾರ್. ಹಿಂದೆ ವೆಡಿ ಹಾಕಿದ್ರೆ ಮುಂದೆ ಓಡಿಬರುತ್ತೆ. ಆಳು ಹೊರಗೆ ಬೀಳೋದು ಆಮೇಲೆ ದೇವರ ಇಷ್ಟ" ಎಂದು, ಉದ್ದ ಕೋಲಿನಿಂದ ಅಗುಳಿ ತಳ್ಳಿ, ಮನೆಯ ಹಿಂದೆ ಹೋಗಿ ಒಂದು ಪಟಾಕಿ ಸಿಡಿಸಿದ.

ನಂಜುಂಡನ್ ಜೀವಮಾನದಲ್ಲಿ ಅಷ್ಟು ಜೋರಾಗಿ ಓಡಿರಲಿಲ್ಲ. ಕಣ್ಣು ಕಾಣದೆ, ಬಾಗಿಲನ್ನು ಭುಜದಿಂದಲೇ ಗುದ್ದಿ ತೆರೆದು, ಜಗಲಿಯ ಚಪ್ಪಲಿಗಳನ್ನೆಲ್ಲ ತುಳಿದು ಚೆಲ್ಲಾಡಿ ಅಂಗಳಕ್ಕೆ ನುಗ್ಗಿದ.

"ಎರಡೇ ಕಾಲಲ್ಲಿ ಓಡ್ತಿದೆ!" ಎಂದು ಯಾರೋ ಕಿರುಚಿದರು. ಜನ ಚದುರಿತು. ಗಂಡಿನ ಅಪ್ಪ ಕೋಳಿಗೂಡಿನ ಮೇಲೆ ಹತ್ತಿದ. ಆ ಗಡಿಬಿಡಿಯಲ್ಲಿ ಗಂಡು ಜನನಿಯ ಕೈ ಹಿಡಿದುಕೊಂಡು ಓಡಿದ. ಅವತ್ತು ಹಟ್ಟಿಯಲ್ಲಿ ನಡೆದ ಒಳ್ಳೆಯ ಕೆಲಸ ಅದೊಂದೇ.

ನಂಜುಂಡನ್ ಇಳಿಜಾರಿನ ದಾರಿಯಲ್ಲಿ ಉರುಳಿ, ಹೆಗಲಿಗೆ ಚೀಲ ಹಾಕಿಕೊಂಡು ಮೇಲೆ ಬರುತ್ತಿದ್ದ ಹೆಂಗಸೊಬ್ಬಳ ಕಾಲ ಬಳಿ ಬಂದು ನಿಂತ. ಆಕೆ ಕಿರುಚಲಿಲ್ಲ. ದಿನವೂ ಪುಟ್ಟ ಮಕ್ಕಳ ನಡುವೆ ಇರುವವಳಿಗೆ ಹೆದರಿಕೆ ಅನ್ನುವುದು ಎಂದೋ ಬಿಟ್ಟುಹೋಗಿತ್ತು. ಸಿಂಧುಜಾ ಮಿಸ್ ಬಗ್ಗಿ, ಕೊಂಬಿನ ಸೌಟು ಮುಟ್ಟಿ ನೋಡಿ, ಹಿಂದೆಯೇ ಓಡಿಬಂದ ಮಗುವನ್ನು ಕೇಳಿದಳು:

"ಅಭಿನಯಾ, ಇದ್ಯಾವ ಪ್ರಾಣಿ?"

"ಕಾಟಿ."

"ಕಾಲು ಯಾವ ಬಣ್ಣ?"

"ಮೇಲೆ ಕಪ್ಪು, ಕೆಳಗೆ ಬಿಳಿ."

"ಎಷ್ಟು ಕಾಲು?"

"ನಾಲ್ಕು. ಓಡುವಾಗ ಎರಡು."

"ಏನು ತಿನ್ನುತ್ತೆ?"

"ಹುಲ್ಲು, ಕ್ಯಾರೆಟ್ಟು. ಅಪ್ಪನ್ನ ತಿನ್ನಲ್ಲ. ಹೆತ್ತೆಗೆ ಗೊತ್ತಿಲ್ಲ."

ಮಿಸ್ ಟೊಪ್ಪಿ ಎಳೆದು ತೆಗೆದಳು. ಒಳಗಿನಿಂದ ಬೀಟ್‌ರೂಟಿನಂಥ ಮುಖವೊಂದು ಹೊರಬಂತು. ಹಟ್ಟಿಯವರು ಒಬ್ಬೊಬ್ಬರಾಗಿ ಮರೆಯಿಂದ ಈಚೆ ಬಂದರು. ಅಭಿನಯಾ ಅವರ ಮಧ್ಯೆಯೇ ಮಿಸ್ಸಿನ ಕೈಹಿಡಿದು, ಕೋಳಿ ತಿನ್ನುವ ಕಾಳು ಯಾವುದು, ತಿನ್ನದ್ದು ಯಾವುದು, ಕಪ್ಪಿಗೆ ಕಪ್ಪು ಹೇಗೆ ಜೋಡಿ ಎಂದು ಎಲ್ಲವನ್ನೂ ತೋರಿಸಿ ವಿವರಿಸಿದಳು. ಮಿಸ್ಸಿನ ಕಣ್ಣು ಒದ್ದೆಯಾಯಿತು.

ಅಷ್ಟು ಹೊತ್ತಿಗೆ ಊಟಿಯಿಂದ ಬಂದಿಳಿದ ಇಂದ್ರಾಣಿ ಹಗ್ಗದಲ್ಲಿ ಬಿಗಿದಿದ್ದ ಗಂಡನನ್ನು ನೋಡಿ ಬಾಯಿ ತೆರೆಯುವುದರೊಳಗೆ ಮಿಸ್ ಅವಳ ಕೈಹಿಡಿದುಕೊಂಡಳು.

"ಎಷ್ಟೋ ಮನೆ ನೋಡಿದ್ದೀನಮ್ಮ. ಎಲ್ಲ ಕಡೆ ಮಗುವಿಗೆ ಮೊಬೈಲ್ ಕೊಟ್ಟು ಕೂರಿಸಿರ್ತಾರೆ. ಮಗಳಿಗಾಗಿ ಕಾಟಿಯಾದ ಅಪ್ಪನ್ನ ಇವತ್ತೇ ನೋಡಿದ್ದು."

ಮಲಗಿದ್ದಲ್ಲಿಂದಲೇ ನಂಜುಂಡನ್ ಮಂದಹಾಸ ಬೀರಿದ. ಕೇರಂ ಬೋರ್ಡಿನ ಮೇಲೆ ಪೌಡರ್ ಉದುರಿಸುವ ಸದ್ದು ಅವನಿಗೆ ಕಿವಿಯಲ್ಲೇ ಕೇಳಿಸಿತು. "ಹಾಗಾದ್ರೆ ಸೀಟು..." ಅಂದ.

"ಸೀಟಾ?" ಮಿಸ್ ನಕ್ಕಳು. "ನಮ್ಮಲ್ಲಿರೋ ಸೀಟು ಕಮ್ಮಿ ಸಾರ್. ಮನೇಲಿ ಯಾರೂ ಏನೂ ಕಲಿಸದ ಮಕ್ಕಳಿಗೆ ಅವು. ನಿಮ್ಮ ಮಗಳನ್ನ ಕರ್ಕೊಂಡು ಹೋಗಿ ನಾಲ್ಕು ಗೋಡೆ ಮಧ್ಯೆ ಕೂರಿಸಿದ್ರೆ ನನಗೇ ಪಾಪ ಬರುತ್ತೆ. ಇನ್ನೆರಡು ವರ್ಷ ಮನೇಲೇ ಇರಲಿ. ನೀವೇ ಸಾಕು."

ಇಂದ್ರಾಣಿ ಮದುವೆಯಾದ ಮೇಲೆ ಮೊದಲ ಸಲ ಗಂಡನ ಕಡೆ ಹೆಮ್ಮೆಯಿಂದ ನೋಡಿದಳು. ಆ ನೋಟದ ಎದುರು ನಂಜುಂಡನ್ ಕೇರಂ ಬೋರ್ಡಿನ ಆಸೆಯನ್ನು ಕೈಬಿಟ್ಟ.

ಮಿಸ್ ಹೊರಟುನಿಂತಾಗ ಮಾದಿ ಹೆತ್ತೆ ಮೊಮ್ಮಗನನ್ನು ಮುಂದೆ ತಳ್ಳಿಕೊಂಡು ಬಂದಳು. "ನಂಜುಂಡಾ, ಇವನಿಗೂ ಅವರು ಸೀಟು ಕೊಟ್ಟಿಲ್ಲ ಕಣೋ. ನಾಳೆಯಿಂದ ನಿನ್ನ ಹತ್ರಾನೇ ಬಿಡ್ತೀನಿ." ಹಿಂದೆಯೇ ದಿನೇಶ್‌ಕುಮಾರ್ ತನ್ನ ಅವಳಿಗಳನ್ನು ಎತ್ತಿಕೊಂಡು ಬಂದ. ಪಟಾಕಿ ಸಿಡಿಸಿದ ಮಣಿಕಂಡನ್ ಕೂಡ ತಲೆ ಕೆರೆದುಕೊಂಡು, "ಸಾರ್, ನಮ್ಮ ಪೊಣ್ಣು ಮಗು ಒಂದಿದೆ. ಬೆಳಿಗ್ಗೆ ಎಷ್ಟೊತ್ತಿಗೆ ತರ್ಲಿ?" ಎಂದು ಕೇಳಿದ.

ನಂಜುಂಡನ್ ಸುತ್ತ ನೋಡಿದ. ಬಿಡಿಸಿಕೊಳ್ಳೋಣವೆಂದರೆ ಹಗ್ಗದ ಗಂಟು ಇನ್ನೂ ಬಿಚ್ಚಿರಲಿಲ್ಲ. ಅವನ ಬೆನ್ನೇರಿ ಕೂತಿದ್ದ ಅಭಿನಯಾ, ಬಂದ ಮಕ್ಕಳನ್ನೆಲ್ಲ ಒಮ್ಮೆ ಮೇಲಿಂದ ಕೆಳಗೆ ನೋಡಿ ಹೇಳಿದಳು:

"ಬೇಗ ಬನ್ನಿ. ನಾಳೆ ಅಪ್ಪ ಆನೆ."