ಬಕೆಟ್ಟಿನ ಮೇಲೆ ಮಿಶ್ರಚಾಪು

ಮನುಷ್ಯನಿಗೆ ಎಲ್ಲಕ್ಕಿಂತ ಮೊದಲು ವಯಸ್ಸಾಗುವುದು ಕಿವಿಗೆ ಎಂಬುದು ನನ್ನ ನಂಬಿಕೆ. ಕಿವಿ ಮಂದವಾಗುವ ಮಾತಲ್ಲ ನಾನು ಹೇಳುತ್ತಿರುವುದು. ಹೊಸದೇನನ್ನೂ ಒಳಗೆ ಬಿಟ್ಟುಕೊಳ್ಳದೆ ಬಾಗಿಲು ಹಾಕಿಕೊಳ್ಳುವ ಮಾತು. ತಲೆ ನರೆತರೆ ಕನ್ನಡಿ ಹೇಳುತ್ತದೆ, ಹೊಟ್ಟೆ ಬಂದರೆ ದರ್ಜಿ ಹೇಳುತ್ತಾನೆ. ಕಿವಿಗೆ ವಯಸ್ಸಾದದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. "ಈಗಿನದೂ ಒಂದು ಸಂಗೀತವೇ?" ಎಂದು ನಾವೇ ಊರಿಗೆಲ್ಲ ಸಾರಿಕೊಂಡು ಬರುತ್ತೇವೆ. ನಾನು ಹಾಗೆ ಸಾರತೊಡಗಿದಾಗ ನನಗೆ ನಲವತ್ತೇಳು ವರ್ಷ.

ನಾನೇನೂ ಸಂಗೀತದ ಗಂಧಗಾಳಿ ಇಲ್ಲದವನಲ್ಲ. ಮೈಸೂರಿನಲ್ಲಿದ್ದಾಗ ರಾಮನವಮಿಯ ಕಛೇರಿಗಳಿಗೆ ಎರಡು ಗಂಟೆ ಮೊದಲೇ ಹೋಗಿ ಮುಂದಿನ ಜಮಖಾನ ಹಿಡಿಯುತ್ತಿದ್ದೆ. ಹಾಡಲು ಬಾರದು, ಬಾರಿಸಲು ಬಾರದು. ಆದರೆ ತೊಡೆಯ ಮೇಲೆ ತಾಳ ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ಒಮ್ಮೆ ಒಬ್ಬ ದೊಡ್ಡ ವಿದ್ವಾಂಸರು ಪಲ್ಲವಿಯ ನಡುವೆ ನನ್ನ ಕೈ ನೋಡಿ ತಲೆಯಾಡಿಸಿದರು. ಈ ಪ್ರಸಂಗವನ್ನು ಮದುವೆಯಾದ ಮೂರನೆಯ ದಿನ ಕಮಲೆಗೆ ಹೇಳಿದೆ. ಅಲ್ಲಿಂದ ಇಪ್ಪತ್ತೆರಡು ವರ್ಷ ಹೇಳುತ್ತಲೇ ಇದ್ದೇನೆ. "ಅವರ ಕಿವಿ ಹತ್ತಿರ ಸೊಳ್ಳೆ ಬಂದಿರುತ್ತೆ ಬಿಡಿ" ಎಂದು ಅವಳೂ ಅಂದಿನಿಂದ ಹೇಳುತ್ತಲೇ ಇದ್ದಾಳೆ.

ಮುಂಬಯಿಗೆ ಬಂದ ಮೇಲೆ ಕಛೇರಿಗಳು ತಪ್ಪಿದವು. ಮನೆ ಸಾಂತಾಕ್ರೂಜ್‌ನಲ್ಲಿ, ಕೆಲಸ ವಿಕ್ರೋಳಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ, ನಡುವೆ ದಾದರ್‌ನಲ್ಲಿ ಒಂದು ಲೋಕಲ್ ರೈಲು ಇಳಿದು, ಸೇತುವೆಯ ಮೇಲೆ ನೂಕಿಸಿಕೊಂಡು ಹೋಗಿ ಇನ್ನೊಂದು ಲೋಕಲ್ ಹತ್ತಬೇಕು. ಮನೆ ಸೇರುವ ಹೊತ್ತಿಗೆ ರೇಡಿಯೋದ ಕಿವಿ ಹಿಂಡುವಷ್ಟೂ ಶಕ್ತಿ ಉಳಿಯುತ್ತಿರಲಿಲ್ಲ. ಉಳಿದದ್ದು ಬಚ್ಚಲಿನ ಸಂಗೀತ ಒಂದೇ. ಬೆಳಿಗ್ಗೆ ನಲ್ಲಿಯಲ್ಲಿ ನೀರಿರುವ ಹೊತ್ತಿನಲ್ಲಿ ಸ್ನಾನಕ್ಕೆ ಕೂತು, ತಗಡಿನ ಬಕೆಟ್ಟಿನ ಮೇಲೆ ತಕಿಟ ತಕಧಿಮಿ ಎಂದು ಏಳೇಳು ಏಟಿನ ಮಿಶ್ರಚಾಪು ಬಾರಿಸುತ್ತ, ನಡುನಡುವೆ ಒಂದೊಂದು ತಂಬಿಗೆ ನೀರು ಸುರಿದುಕೊಂಡರೆ ಸ್ನಾನವೂ ಸಂಗೀತವೂ ಒಟ್ಟಿಗೆ ಮುಗಿಯುತ್ತಿದ್ದವು.

ಹೀಗಿರುವಾಗ ನಮ್ಮ ಒಬ್ಬಳೇ ಮಗಳು ವಸುಧಾ, ಕಾಲೇಜಿನ ಎರಡನೆಯ ವರ್ಷದಲ್ಲಿದ್ದವಳು, ಗೆಳತಿಯಿಂದ ಕೇಳಿ ತಂದ ಗಿಟಾರನ್ನು ಮನೆಯೊಳಗೆ ಹೊಗಿಸಿದಳು. ಅವಳೂ ಮೂವರು ಹುಡುಗರೂ ಸೇರಿ ಒಂದು ಮೇಳ ಕಟ್ಟಿದ್ದರಂತೆ. ಒಂದು ಭಾನುವಾರ ಆ ಮೂವರೂ ನಮ್ಮ ಮನೆಗೆ ಬಂದು, ವಸುಧಾ ಗಿಟಾರು ಮೀಟುವುದನ್ನು ಕೇಳುತ್ತ ಚಹಾ ಕುಡಿಯುತ್ತಿದ್ದಾಗ, ಪೇಪರಿನಿಂದ ತಲೆಯೆತ್ತದೆ, "ಪಾತ್ರೆ ತಿಕ್ಕೋ ಸದ್ದಿನಲ್ಲೂ ಇದಕ್ಕಿಂತ ಲಯ ಇರುತ್ತೆ" ಎಂದುಬಿಟ್ಟೆ. ಹುಡುಗರಿಗೆ ಕನ್ನಡ ಬಾರದು, ಅದು ಅವರ ಪುಣ್ಯ. ವಸುಧಾಗೆ ಬರುತ್ತದೆ, ಅದು ನನ್ನ ಕರ್ಮ. ಅಂದಿನಿಂದ ಗಿಟಾರು ಮನೆಯಲ್ಲಿ ಸದ್ದು ಮಾಡಲಿಲ್ಲ, ಅವಳೂ ಮಾಡಲಿಲ್ಲ. ಊಟ ಬೇಕಾ ಎಂದರೆ ಹೂಂ, ಸಾಕಾ ಎಂದರೆ ಹೂಂ. ಮೂರು ತಿಂಗಳು ಮಗಳ ಜೊತೆ ಹೂಂಕಾರದಲ್ಲಿ ಸಂಸಾರ ಮಾಡಿದ ತಂದೆಯ ಸಂಕಟ ಶತ್ರುವಿಗೂ ಬೇಡ. ತಪ್ಪಾಯಿತು ಎನ್ನಬಹುದಿತ್ತು. ಆದರೆ ಆ ಮಾತು ನಮ್ಮ ವಂಶದ ಗಂಡಸರ ನಾಲಿಗೆಯಲ್ಲಿ ಹೊರಳಿದ ದಾಖಲೆ ಇಲ್ಲ.

ಈ ಗೋಳನ್ನು ಆಫೀಸಿನಲ್ಲಿ ಪಕ್ಕದ ಮೇಜಿನ ಕುಲಕರ್ಣಿಯವರ ಹತ್ತಿರ ತೋಡಿಕೊಂಡೆ. ಧಾರವಾಡದವರು, ಬೈದರೂ ಪೇಡೆ ಕೊಟ್ಟ ಹಾಗೆ ಬೈಯುವವರು. "ಅಲ್ರೀ ರಾಯರ, ಆಕಿ ಬಾರಸೋದನ್ನ ಪೂರಾ ಒಮ್ಮೆರ ಕೇಳೀರೇನ್ರಿ? ನೋಡದನ ಫೈಲ್ ವಾಪಸ್ ಕಳಸೋದು ನಮ್ಮ ಆಫೀಸಿನ ಪದ್ಧತಿ. ಅದನ್ನ ಮನಿಗೆ ಯಾಕ ಒಯ್ತೀರಿ?" ಎಂದರು.

ಅದೇ ವಾರ ಕಮಲೆಯಿಂದ ಗೊತ್ತಾಯಿತು, ಶನಿವಾರ ಸಂಜೆ ನಾಲ್ಕಕ್ಕೆ ಕಾಲೇಜಿನ ಹಾಲ್‌ನಲ್ಲಿ ವಸುಧಾಳ ಮೇಳದ ಕಾರ್ಯಕ್ರಮ. ನಾನೂ ಬರುತ್ತೇನೆ ಎಂದೆ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ವಸುಧಾ ತನ್ನ ಹಿಂದಿ ಬೆರೆತ ಮುಂಬಯಿ ಕನ್ನಡದಲ್ಲಿ ಪೂರ್ತಿ ವಾಕ್ಯ ಆಡಿದಳು: "ಬೇಡ ಅಪ್ಪ, ಪ್ಲೀಸ್. ನೀವು ಸಾಮ್ನೇನೇ, ಮುಂದಿನ ಸಾಲಲ್ಲೇ ಕೂತ್ಕೊಂಡು ತೊಡೆ ಮೇಲೆ ಪಟಪಟ ಹೊಡೀತೀರಿ. ಎಲ್ರೂ ನಗ್ತಾರೆ." ಕಮಲೆಯೇ, "ಅವರ ಕೈ ನಾನು ಹಿಡ್ಕೊಂಡಿರ್ತೀನಿ ಕಣೇ, ಬರಲಿ ಬಿಡು" ಎಂದು ಜಾಮೀನು ನಿಂತಳು.

ಹಾಲ್‌ನ ಬಾಗಿಲಲ್ಲಿ ನಾನು ಅಭ್ಯಾಸಬಲದಿಂದ ಬೂಟು ಬಿಚ್ಚಿಟ್ಟು ಒಳಗೆ ಹೋದೆ. ಕಛೇರಿ ಎಂದರೆ ಪಾದರಕ್ಷೆ ಹೊರಗೆ, ಅದರಲ್ಲಿ ಯೋಚಿಸುವುದೇನಿದೆ? ಮುಂದಿನ ಸಾಲಿನಲ್ಲಿ ಕೂತ ಮೇಲೆ ಸುತ್ತ ನೋಡಿದರೆ ಇಡೀ ಹಾಲ್‌ನಲ್ಲಿ ಹೆಬ್ಬೆರಳು ಇಣುಕುವ ಕಾಲುಚೀಲ ನನ್ನದೊಂದೇ. ಪಾದಗಳನ್ನು ಕುರ್ಚಿಯ ಕೆಳಗೆ ಬಚ್ಚಿಟ್ಟುಕೊಂಡೆ. ಕೊಟ್ಟ ಮಾತಿನಂತೆ ಕಮಲೆ ನನ್ನ ಮಣಿಕಟ್ಟು ಹಿಡಿದಳು. ನಾಲ್ಕು ಜನರ ಎದುರು ಅವಳು ನನ್ನ ಕೈ ಹಿಡಿದದ್ದು ಧಾರೆಯಾದ ಮೇಲೆ ಅದೇ ಮೊದಲು.

ಮೊದಲ ಸದ್ದಿಗೆ ಕುರ್ಚಿಯೇ ನಡುಗಿತು. ಎರಡನೆಯ ಹಾಡಿನ ಹೊತ್ತಿಗೆ ಆ ನಡುಕ ಎದೆಯೊಳಗೆ ಇಳಿದು, ಸುಳ್ಳೇಕೆ ಹೇಳಲಿ, ಹಿತವಾಗತೊಡಗಿತು. ಎದುರಿಗೆ ಕೂತು ಬೆವರು ಸುರಿಸುತ್ತ ಬಾರಿಸುವವರ ಸಂಗೀತವೇ ಬೇರೆ. ಅದು ಯಾವ ದೇಶದ್ದಾದರೂ ಸರಿ, ಅದಕ್ಕೂ ಮೈಸೂರಿನ ಜಮಖಾನಕ್ಕೂ ಎಲ್ಲೋ ನಂಟಿದೆ ಎನ್ನಿಸಿತು. ಮೂರನೆಯದು ತಾನೇ ಕಟ್ಟಿದ ಹೊಸ ಹಾಡು ಎಂದು ವಸುಧಾ ಮೈಕಿನಲ್ಲಿ ಹೇಳಿ ಶುರುಮಾಡಿದಳು. ಹಾಲ್‌ನಲ್ಲಿ ಕೂತ ಹುಡುಗರು ಚಪ್ಪಾಳೆ ತಟ್ಟಲು ನೋಡಿ, ಲೆಕ್ಕ ತಪ್ಪಿ, ಒಬ್ಬೊಬ್ಬರಾಗಿ ಕೈಬಿಟ್ಟರು. ನನ್ನ ಮೈ ಜುಮ್ಮೆಂದಿತು. ಮೂರು-ನಾಲ್ಕು, ಮೂರು-ನಾಲ್ಕು. ಮಿಶ್ರಚಾಪು! ಕಮಲೆಯ ಹಿಡಿತದಿಂದ ಕೈ ಅದಾಗಿಯೇ ಜಾರಿ ತೊಡೆಯ ಮೇಲೆ ಬಿತ್ತು. ವಸುಧಾ ಗಿಟಾರಿನಿಂದ ಕಣ್ಣೆತ್ತಿ ನೇರವಾಗಿ ನನ್ನ ಕೈ ನೋಡಿದಳು. ಕೆಟ್ಟೆ ಎಂದುಕೊಂಡೆ. ಆದರೆ ಅವಳು ಮುಖ ತಿರುಗಿಸಲಿಲ್ಲ. ಡ್ರಮ್ ಬಾರಿಸುವ ಹುಡುಗನಿಗೆ ಏನೋ ಸನ್ನೆ ಮಾಡಿದಳು. ಆಮೇಲೆ ಕೊನೆಯವರೆಗೂ ಅವಳ ಕಣ್ಣು ನನ್ನ ಕೈ ಮೇಲೆ, ಮೇಳದ ಒಂದೊಂದು ಏಟೂ ನನ್ನ ತಾಳದ ಮೇಲೆ. ನನಗೆ ಕಣ್ಣು ತುಂಬಿ ವೇದಿಕೆ ಮಸುಕಾಯಿತು. ಪುಣ್ಯಕ್ಕೆ ಕಮಲೆಯೂ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ವಾಪಸು ಬರುವಾಗ ಲೋಕಲ್‌ನಲ್ಲಿ ಮೂವರಿಗೂ ಜಾಗ ಸಿಕ್ಕಿತು. ನಾನು ಹಿಗ್ಗಿ ಹೀರೇಕಾಯಾಗಿದ್ದೆ. "ನೋಡಿದೆಯಾ ಕಮಲಾ? ಮೇಳದ ಹುಡುಗರು ತಾಳ ತಪ್ಪುವುದರಲ್ಲಿದ್ದರು. ನನ್ನ ಕೈ ನೋಡಿ ಉಳಿದುಕೊಂಡರು. ಅಂದು ಆ ವಿದ್ವಾಂಸರೂ ಹೀಗೇ..." ಎಂದು ಎರಡು ಸ್ಟೇಷನ್ ದಾಟುವವರೆಗೂ ಕೊಚ್ಚಿಕೊಂಡೆ.

ವಸುಧಾ ನನ್ನ ಭುಜಕ್ಕೆ ಒರಗಿದಳು. "ಅಪ್ಪ, ಗುಸ್ಸಾ ಮಾಡ್ಕೊಬಾರ್ದು, ಹೇಳ್ಲಾ? ಆ ಏಳರ ತಾಳ ನಿಮ್ದೇ. ಚಿಕ್ಕೋಳಿದ್ದಾಗಿಂದ ದಿನಾ ಬಾತ್‌ರೂಮ್‌ನಿಂದ ಕೇಳ್ತಿದ್ನಲ್ಲಾ, ಅದರ ಮೇಲೇನೇ ಹಾಡು ಮಾಡ್ದೆ. ಲೇಕಿನ್ ನೀವು ನಾಲ್ಕು ರೌಂಡ್ ಆದ್ಮೇಲೆ ನಿಂತ್ಬಿಡ್ತೀರಿ."

"ಎಲ್ಲಿ ನಿಲ್ಲುತ್ತೇನೆ?"

"ನೀರು ಹಾಕ್ಕೊಳ್ಳೋಕೆ. ಇವತ್ತೂ ಹಂಗೇ ಹರ್ ಬಾರ್, ನಾಲ್ಕು ಆದಾಗೆಲ್ಲಾ ನಿಂತ್ರಿ. ನಿಮ್ಮ ಕೈ ಒಂದೇ ತಪ್ಪಾಗಿ ಕಾಣ್ಬಾರ್ದು ಅಂತ ನಾನು ಎಲ್ರನ್ನೂ ಅಲ್ಲಲ್ಲೇ ನಿಲ್ಲಿಸ್ದೆ. ಡ್ರಮ್ಮರ್ ಆಮೇಲೆ ನಂಗೆ ಎಷ್ಟು ಬೈದ ಗೊತ್ತಾ?"

ಕಮಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅವಮಾನಕ್ಕಲ್ಲ. ಮೂರು ತಿಂಗಳ ಹಿಂದೆ ಅವಳ ಗೆಳೆಯರೆದುರು ನಾನು ಅವಳ ಲಯವನ್ನು ಆಡಿಕೊಂಡಿದ್ದೆ. ಅದೇ ಗೆಳೆಯರನ್ನು ಅವಳು ನನ್ನ ತಪ್ಪು ಮುಚ್ಚಲು ಕಾಯಿಸಿದ್ದಳು. ವಂಶದ ದಾಖಲೆ ಅಲ್ಲೇ ಮುರಿಯಿತು. "ಅವತ್ತು ಹಾಗೆ ಅಂದದ್ದು ತಪ್ಪಾಯಿತು ಮಗಳೇ" ಎಂದೆ. "ಮುಂದಿನ ಸಲಾನೂ ಸಾಮ್ನೇನೇ ಕೂತ್ಕೊಳ್ಳಿ. ಬೂಟು ಮಾತ್ರ ಬಿಚ್ಬೇಡಿ" ಎಂದಳು.

ಈಗ ಅವಳ ಮೇಳದ ಯಾವ ಕಾರ್ಯಕ್ರಮವನ್ನೂ ನಾವಿಬ್ಬರೂ ತಪ್ಪಿಸುವುದಿಲ್ಲ. ಮೈಸೂರಿನ ವಿದ್ವಾಂಸರ ಪ್ರಸಂಗವನ್ನು ಮಾತ್ರ ಹೇಳುವುದು ಬಿಟ್ಟಿದ್ದೇನೆ. ಅವರು ಅಂದು ತಲೆಯಾಡಿಸಿದ್ದು ಮೆಚ್ಚಿಯೋ, ಪಾಪ ಎಂದೋ ಈಗ ನನಗೇ ಅನುಮಾನ. ಅದರ ಜಾಗದಲ್ಲಿ ಕುಲಕರ್ಣಿಯವರಿಗೆ ಮಗಳ ಪ್ರಸಂಗ ಹೇಳುತ್ತೇನೆ. ಅವಳು ಕಣ್ಣೆತ್ತಿ ನನ್ನ ಕೈ ನೋಡಿದಳು, ಇಡೀ ಮೇಳ ನನ್ನ ತಾಳಕ್ಕೆ ಬಂತು ಎನ್ನುವವರೆಗೆ ಹೇಳುತ್ತೇನೆ. "ಮುಂದ ಏನಾತ್ರಿ?" ಎಂದು ಅವರು ಕೇಳಿದರೆ ಸುಮ್ಮನಾಗುತ್ತೇನೆ. ಅದು ನಾನು ನೀರು ಹಾಕಿಕೊಳ್ಳುವ ಜಾಗ.