ನಾನು ಫಸ್ಟ್ ಕ್ಲಾಸ್ ಮೆಕ್ಯಾನಿಕ್ ಆದದ್ದು

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಿಂದ ಹಿಡಿದು ಶಿಕ್ಷಕರ ತರಬೇತಿಯವರೆಗೆ ನಾನು ಯಾವ ಪರೀಕ್ಷೆಯಲ್ಲೂ ನಪಾಸಾದವನಲ್ಲ. ಪ್ರಶ್ನಪತ್ರಿಕೆ ಕೈಗೆ ಬಂತೆಂದರೆ ನನಗೆ ಹಬ್ಬದೂಟ ಬಡಿಸಿದಷ್ಟು ಸಂತೋಷ. ಆ ಕಾರಣಕ್ಕೇ ಹುಸೇನಸಾಬ ಸುತ್ತೋಲೆ ಹಿಡಿದು ನಮ್ಮ ಮನೆಗೆ ಬಂದ ದಿನ ನಾನು ಒಂದು ಕ್ಷಣವೂ ಯೋಚಿಸದೆ, "ಇಷ್ಟೇ ಏನ? ನನಗ ಬಿಡು!" ಎಂದುಬಿಟ್ಟೆ. ಅವನು ಬಿಟ್ಟ. ಆಮೇಲೆ ಅನುಭವಿಸಿದ.

ಇದು ಎಪ್ಪತ್ತರ ದಶಕದ ಮಾತು. ನಾನು ಬಬಲೇಶ್ವರದ ಕನ್ನಡ ಶಾಲೆಯಲ್ಲಿ ಮಾಸ್ತರ. ಹುಸೇನಸಾಬ ಬಸ್ ಸ್ಟ್ಯಾಂಡಿನ ಬದಿಯ ತಗಡಿನ ಶೆಡ್ಡಿನಲ್ಲಿ ಡೀಸೆಲ್ ಎಂಜಿನ್ ದುರಸ್ತಿ ಮಾಡುವ ಮಿಸ್ತ್ರಿ. ಬಾವಿಯ ಮೇಲೆ ಕೂಡಿಸಿ ನೀರೆತ್ತುವ ಎಂಜಿನ್ ಯಾವ ಊರಲ್ಲಿ ಕೆಟ್ಟರೂ ಜನ ಅವನ ಶೆಡ್ಡಿಗೇ ಬರುತ್ತಿದ್ದರು. ಸಾರವಾಡದ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಹೊರಗೆ ಕಿವಿಯಿಟ್ಟು, "ಆ ಎಂಜಿನ್ ಇನ್ನ ನಾಕ ದಿನ ನಡೀತೈತಿ ನೋಡ್ರಿ" ಎನ್ನುತ್ತಿದ್ದ. ಐದನೆಯ ದಿನ ಆ ಎಂಜಿನ್ನಿನ ಮಾಲೀಕ ಶೆಡ್ಡಿನ ಮುಂದೆ ನಿಂತಿರುತ್ತಿದ್ದ.

ಸುತ್ತೋಲೆ ಬಿಜಾಪುರದ ಒಂದು ಗುಣಮಟ್ಟ ಸಮಿತಿಯಿಂದ ಬಂದದ್ದು. ಹೊಸ ಎಂಜಿನ್ನುಗಳನ್ನು ಇನ್ನು ಮುಂದೆ ಸಮಿತಿಯ ಪ್ರಮಾಣಪತ್ರ ಪಡೆದ ಮೆಕ್ಯಾನಿಕರು ಮಾತ್ರ ಮುಟ್ಟತಕ್ಕದ್ದು, ಬೇರೆಯವರು ಮುಟ್ಟಿದರೆ ಗ್ಯಾರಂಟಿ ರದ್ದು! ಪ್ರಮಾಣಪತ್ರ ಬೇಕಾದವರು ಪರೀಕ್ಷೆಗೆ ಕೂಡತಕ್ಕದ್ದು.

"ಮಾಸ್ತರ್ರ, ಇಪ್ಪತ್ತ ವರ್ಷ ಆತು ಈ ಕೆಲಸ ಮಾಡಾಕತ್ತು. ಈಗ ಪರೀಕ್ಷಾ ಅಂದ್ರ ಹೆಂಗ್ರಿ?" ಎಂದ ಹುಸೇನಸಾಬ. ಅವನ ದನಿ ಎಂದಿನಂತಿರಲಿಲ್ಲ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. "ರೈತರು ಬ್ಯಾರೇ ಕಡೆ ಹ್ವಾದ್ರ ಈ ಶೆಡ್ಡಿಗೆ ಕೀಲಿ ಹಾಕೋದ ಅಷ್ಟ."

"ಪರೀಕ್ಷೆ ಅಂದರೆ ನಾನು, ನಾನು ಅಂದರೆ ಪರೀಕ್ಷೆ!" ಎಂದೆ ನಾನು.

ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ನೀಲವ್ವ ಕೈ ನಿಲ್ಲಿಸಿ ಕೇಳಿದಳು: "ಏನ್ರೀ, ನಿಮಗ ಸ್ಟೋವಿಗೆ ಪಿನ್ನ ಹಾಕಾಕ ಬರಂಗಿಲ್ಲ. ನೀವು ಎಂಜಿನ್ ಕಲಿಸಾವ್ರಾ?"

"ಕಲಿಸುವುದು ಎಂಜಿನ್ ಅಲ್ಲ, ಉತ್ತರ!" ಎಂದು ನಾನು ಗಂಭೀರವಾಗಿ ನುಡಿದೆ. ರೊಟ್ಟಿಯ ಸಪ್ಪಳ ಮೊದಲಿಗಿಂತ ಜೋರಾಯಿತು.

ಸಮಿತಿಯ ಮಾರ್ಗದರ್ಶಿ ಪುಸ್ತಕ ತರಿಸಿದೆ. ಒಂದು ತಿಂಗಳು ದಿನಾಲು ಶಾಲೆ ಬಿಟ್ಟ ಕೂಡಲೆ ಶೆಡ್ಡಿಗೆ ಹೋಗಿ ಪಾಠ ಹೇಳಿದೆ. "ಪಿಸ್ಟನ್ ಎಂದರೇನು?" ಎಂದು ಕೇಳಿದರೆ ಅವನು ಎದ್ದು ಹೋಗಿ ಪಿಸ್ಟನ್ನನ್ನೇ ತಂದು ನನ್ನ ತೊಡೆಯ ಮೇಲಿಡುತ್ತಿದ್ದ. "ಹೀಗಲ್ಲೋ ಮಾರಾಯ, ವ್ಯಾಖ್ಯೆ ಹೇಳು!" ಎಂದು ನಾನು ಕೂಗುತ್ತಿದ್ದೆ. ನನ್ನ ಮೂರು ಧೋತರಕ್ಕೆ ಎಣ್ಣೆ ಹತ್ತಿತು. ಅವನ ತಲೆಗೆ ವ್ಯಾಖ್ಯೆ ಹತ್ತಲಿಲ್ಲ.

ಪರೀಕ್ಷೆ ಹತ್ತಿರ ಬಂದಂತೆ ಅವನಿಗೆ ಅಂಜಿಕೆ ಶುರುವಾಯಿತು. "ಮಾಸ್ತರ್ರ, ನೀವೂ ಬಾಜೂಕ ಕುಂದರ್ರಿ. ಧೈರ್ಯ ಇರ್ತೈತಿ" ಎಂದ. ನಿಯಮ ತೆಗೆದು ನೋಡಿದೆ. ಅಭ್ಯರ್ಥಿಗೆ ಓದು ಬರಹ ಬರಬೇಕು ಎಂದಿತ್ತು. ಜೀವಮಾನದಲ್ಲಿ ಒಮ್ಮೆಯಾದರೂ ಎಂಜಿನ್ ಬಿಚ್ಚಿರಬೇಕು ಎಂದು ಎಲ್ಲಿಯೂ ಇರಲಿಲ್ಲ! ನಾನೂ ಅರ್ಜಿ ತುಂಬಿದೆ. ನನ್ನ ಮನಸ್ಸಿನಲ್ಲಿ ಸ್ನೇಹವೊಂದೇ ಇತ್ತೆಂದು ಆಣೆ ಮಾಡಿ ಹೇಳಬಲ್ಲೆ. ಪ್ರಶ್ನಪತ್ರಿಕೆಯ ಆಸೆ ಸ್ವಲ್ಪವೇ ಸ್ವಲ್ಪ ಇತ್ತು.

ಬಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಒಂದು ಹಳೆಯ ಮನೆಯಲ್ಲಿ ಪರೀಕ್ಷೆ. ಹಿತ್ತಲಲ್ಲಿ ಪ್ರಾತ್ಯಕ್ಷಿಕೆಗೆಂದು ಎಂಜಿನ್ನೊಂದನ್ನು ಇಟ್ಟಿದ್ದರು. ಅದು ಕೆಟ್ಟು ನಿಂತಿತ್ತು. ಹುಸೇನಸಾಬ ಅದರ ಸುತ್ತ ಒಂದು ಸುತ್ತು ಹಾಕಿ ಬಂದು ಸಮಿತಿಯ ಸಾಹೇಬರಿಗೆ ಕೈಮುಗಿದ. "ಸಾಹೇಬ್ರ, ಹತ್ತ ಮಿನಿಟ್ ಕೊಡ್ರಿ, ಚಾಲೂ ಮಾಡಿಕೊಡ್ತೇನಿ."

"ಪ್ರಮಾಣಪತ್ರ ಇಲ್ಲದವರು ಮುಟ್ಟುವಂತಿಲ್ಲ" ಎಂದರು ಸಾಹೇಬರು. ಪ್ರಾತ್ಯಕ್ಷಿಕೆ ರದ್ದಾಯಿತು. ಬರೆಯುವ ಪರೀಕ್ಷೆಯೊಂದೇ ಉಳಿಯಿತು.

ಮೊದಲ ಪ್ರಶ್ನೆ: ಎಂಜಿನ್ ಕಪ್ಪು ಹೊಗೆ ಉಗುಳಿದರೆ ಏನು ಮಾಡುವಿರಿ? ನಾನು ಎರಡು ಪುಟ ಬರೆದೆ. ಹುಸೇನಸಾಬ ಬರೆದದ್ದು ಎರಡೇ ಶಬ್ದ: "ಮೊದಲ ನೋಡಬೇಕು."

ಎರಡನೆಯ ಪ್ರಶ್ನೆ: ಉತ್ತಮ ಮೆಕ್ಯಾನಿಕನ ಐದು ಗುಣಗಳನ್ನು ಬರೆಯಿರಿ. ನಾನು ಹತ್ತು ಬರೆದೆ. ಅವನು ಜಾಗ ಖಾಲಿ ಬಿಟ್ಟಿದ್ದ. ಹೊರಗೆ ಬಂದ ಮೇಲೆ ಯಾಕೆಂದು ಕೇಳಿದೆ. "ನಮ್ಮ ಗುಣ ನಾವ ಹೆಂಗ ಬರಕೊಳ್ಳೂದ್ರೀ ಮಾಸ್ತರ್ರ? ಬ್ಯಾರೇದವರು ಹೇಳಬೇಕು" ಎಂದ.

ಫಲಿತಾಂಶ ಬಂತು. ಹುಸೇನಸಾಬ ನಪಾಸು. ನಾನು ಫಸ್ಟ್ ಕ್ಲಾಸ್!

ಎಂಥ ಅನ್ಯಾಯ! ನನಗೆ ಸಿಟ್ಟು ನೆತ್ತಿಗೇರಿತು. ನಟ್ಟು ಯಾವುದು, ಬೋಲ್ಟು ಯಾವುದು ಎಂದು ಕೇಳಿದರೆ ತಡಬಡಿಸುವ ನನ್ನಂಥವನನ್ನು ಪಾಸು ಮಾಡಿ, ಸಪ್ಪಳ ಕೇಳಿಯೇ ರೋಗ ಹೇಳುವವನನ್ನು ನಪಾಸು ಮಾಡಿದ ಆ ಸಮಿತಿಗೆ ಗುಣವೆಂದರೇನು, ಮಟ್ಟವೆಂದರೇನು ಗೊತ್ತಿದೆಯೇ? ಮೂರು ಹಾಳೆಯ ಪ್ರತಿಭಟನಾ ಪತ್ರ ಬರೆದು ಕಳಿಸಿದೆ. ಉತ್ತರ ಬಂತು: "ತಮ್ಮ ಬರವಣಿಗೆ ಅಚ್ಚುಕಟ್ಟಾಗಿದೆ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಜನರಿಗೆ ಕಾಣುವಂತೆ ತೂಗುಹಾಕತಕ್ಕದ್ದು."

ಹುಸೇನಸಾಬ ನಮ್ಮ ಮನೆಯ ಕಡೆ ಬರುವುದನ್ನು ಬಿಟ್ಟ. ಬಜಾರಿನಲ್ಲಿ ಎದುರಾದರೆ ಸಲಾಮು ಮಾಡಿ ಬೇಗಬೇಗ ಹೋಗಿಬಿಡುತ್ತಿದ್ದ. ಅವನು ನಾಲ್ಕು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಆ ಕೆಲಸವನ್ನು ನೀಲವ್ವ ವಹಿಸಿಕೊಂಡಳು.

"ಮಂದೀಗೆ ದಾರಿ ತೋರಸ್ತೇನಂತ ಹೋಗಿ ಅವರ ಜಾಗಾದಾಗ ತಾವ ಕುಂತ ಬಂದ್ರು!" ಎಂದಳು. "ಹೋಗ್ರಿ, ಮೊದಲ ಅವರ ಮುಂದ ತಪ್ಪಾತು ಅನ್ರಿ."

ಹೋದೆ. ತಪ್ಪಾಯಿತು ಎಂದೆ. ಜೊತೆಗೆ ಒಂದು ಉಪಾಯವನ್ನೂ ಹೇಳಿದೆ. ದುರಸ್ತಿ ಅವನು ಮಾಡಲಿ, ಕಾಗದದ ಮೇಲೆ ಸಹಿ ನಾನು ಹಾಕುತ್ತೇನೆ. ಹುಸೇನಸಾಬ ನಟ್ಟು ತಿರುಗಿಸುವ ಪಾನಾ ಒರೆಸಿ ಚೀಲಕ್ಕೆ ಹಾಕಿದ. ಆಮೇಲೆ, "ರೈತರ ನೀರ ನಿಲ್ಲಬಾರದ್ರಿ. ಆತು, ನಡೀರಿ" ಎಂದ.

ಎರಡು ತಿಂಗಳು ಎಲ್ಲ ಸುರಳೀತ ನಡೆಯಿತು. ಮುಂದಿನದು ತಿಕೋಟಾದಲ್ಲಿ ಆಯಿತು.

ಅಲ್ಲಿಯ ಮಲ್ಲನಗೌಡರ ಲಿಂಬಿ ತೋಟದಲ್ಲಿ ಹೊಸ ಎಂಜಿನ್ ನಿಂತುಹೋಗಿತ್ತು. ರವಿವಾರ ನಾವಿಬ್ಬರೂ ಹೋದೆವು. ಹುಸೇನಸಾಬ ಒಮ್ಮೆ ನೋಡಿ, "ಡೀಸೆಲ್ ಪೈಪಿನ್ಯಾಗ ಗಾಳಿ ಸೇರೇತಿ, ಅಷ್ಟ" ಎಂದು ಪಾನಾ ಎತ್ತಿದ. ಅಷ್ಟರಲ್ಲಿ ತೋಟದ ಬಾಗಿಲಲ್ಲಿ ಜೀಪು ನಿಂತಿತು. ಇಳಿದವರು ಅದೇ ಸಮಿತಿಯ ಅದೇ ಸಾಹೇಬರು! ಹಾಲಿನಂಥ ಬಿಳಿ ಅಂಗಿ. ಬಗಲಲ್ಲಿ ಫೈಲು. ತಪಾಸಣೆಗೆ ಬಂದಿದ್ದರು.

"ಪ್ರಮಾಣಿತ ಮೆಕ್ಯಾನಿಕ್ ಯಾರು?"

ನಾನು ಕೈ ಎತ್ತಿದೆ.

"ಇವರು?"

"ನಪಾಸಾದಾಂವ್ರಿ" ಎಂದ ಹುಸೇನಸಾಬ ತಾನೇ.

"ಹಾಗಾದರೆ ದೂರ ನಿಲ್ಲಿ. ನೀವು ಮುಂದುವರಿಸಿ" ಎಂದು ಸಾಹೇಬರು ನನ್ನ ಕಡೆ ನೋಡಿದರು. ಮಲ್ಲನಗೌಡರು ಆಕಾಶದ ಕಡೆ ನೋಡಿದರು.

ಹುಸೇನಸಾಬ ಇಪ್ಪತ್ತು ಹೆಜ್ಜೆ ಆಚೆ, ಲಿಂಬಿ ಗಿಡದ ಕೆಳಗೆ ನಿಂತು ಸಾಹೇಬರ ಬೆನ್ನ ಹಿಂದಿನಿಂದ ಕೈಸನ್ನೆ ಶುರು ಮಾಡಿದ. ಅವನು ಬೆರಳು ತಿರುಗಿಸಿದ. ನಾನು ನಟ್ಟು ತಿರುಗಿಸಿದೆ. ಸಾಕು ಎಂದು ಅಂಗೈ ತೋರಿಸಿದ. ನಾನು ಇನ್ನಷ್ಟು ಎಂದು ತಿಳಿದೆ. ಪೈಪು ಬಿಚ್ಚಿ ಡೀಸೆಲ್ಲು ಚಿಲ್ಲೆಂದು ನನ್ನ ಬಾಯಿಗೇ ಹಾರಿತು! ಹುಸೇನಸಾಬ ಹಣೆ ಬಡಿದುಕೊಂಡ. ಅದೂ ಒಂದು ಸನ್ನೆಯೇ ಇರಬೇಕೆಂದು ನಾನು ಎಂಜಿನ್ನಿನ ನೆತ್ತಿಗೆ ಎರಡು ಏಟು ಬಡಿದೆ.

ಹೇಗೋ ಪೈಪು ಬಿಗಿದದ್ದಾಯಿತು. ಇನ್ನು ಚಾಲೂ ಮಾಡಬೇಕು. ಮೇಲಿನ ಲಿವರ್ ಎತ್ತಿ ಹಿಡಿದು, ಹ್ಯಾಂಡಲ್ಲನ್ನು ಜೋರಾಗಿ ತಿರುಗಿಸಿ, ಒಳ್ಳೆ ಗತಿ ಬಂದ ಮೇಲೆ ಲಿವರ್ ಬಿಡಬೇಕು ಎಂದು ಪುಸ್ತಕದಲ್ಲಿತ್ತು. ತಿರುಗಿಸುವವನ ರಟ್ಟೆಯಲ್ಲಿ ಬಲ ಇರಬೇಕು ಎಂಬುದು ಪುಸ್ತಕದಲ್ಲಿರಲಿಲ್ಲ. ನಾಲ್ಕೇ ಸುತ್ತಿಗೆ ನನಗೆ ದಮ್ಮು ಹತ್ತಿತು. ಲಿವರ್ ಬಿಟ್ಟೆ.

ಎಂಜಿನ್ ಒಮ್ಮೆ ಮುಗ್ಗರಿಸಿತು, ಹಿಂದಕ್ಕೆ ಒದೆಯಿತು, ಚಾಲೂ ಆಯಿತು. ಆದರೆ ಉಲ್ಟಾ! ಬಿಚ್ಚಿ ಬರಬೇಕಾದ ಹ್ಯಾಂಡಲ್ಲು ಬಿಚ್ಚದೆ ಎಂಜಿನ್ನಿನ ಜೊತೆಗೇ ಗಿರಗಿರ ತಿರುಗತೊಡಗಿತು. ನಾನು ಹಾರಿ ಹಿಂದೆ ಬಿದ್ದೆ. ಹೊಗೆ ಬರಬೇಕಾದ ಕೊಳವೆಯಿಂದ ಹೊಗೆ ಬರಲಿಲ್ಲ. ಗಾಳಿ ಒಳಗೆ ಹೋಗಬೇಕಾದ ಬಾಯಿಂದ ಕರ್ರಗೆ ಉಕ್ಕಿ ಬಂತು. ಹೊಗೆ ತಾಗಬಾರದೆಂದು ಸಾಹೇಬರು ಜಾಣತನದಿಂದ ಸರಿದು ನಿಂತದ್ದು ಸರಿಯಾಗಿ ಅದೇ ಬಾಯಿಯ ಮುಂದೆ!

"ಯಪ್ಪಾ! ಹಿಂದ ಸರೀರಿ!" ಎಂದು ಕೂಗುತ್ತ ಹುಸೇನಸಾಬ ಓಡಿ ಬಂದ. ಉದ್ದನೆಯ ಕಟ್ಟಿಗೆಯಿಂದ ಲಿವರ್ ಎತ್ತಿ ಹಿಡಿದ. ಎಂಜಿನ್ ನಿಂತಿತು. ಅವನು ಮೊದಲು ನೋಡಿದ್ದು ಎಂಜಿನ್ನನ್ನಲ್ಲ, ನನ್ನ ಕೈಗಳನ್ನು. ತಿರುವಿ ಮುರುವಿ ನೋಡಿ, "ಬೆರಳ ಎಲ್ಲಾ ಅದಾವ" ಎಂದು ಉಸಿರು ಬಿಟ್ಟ.

ಸಾಹೇಬರು ಕರವಸ್ತ್ರ ತೆಗೆದು ಕಣ್ಣಷ್ಟೇ ಒರೆಸಿಕೊಂಡರು. ಫೈಲು ತೆರೆದರು. ಇನ್ನು ನನ್ನ ಪ್ರಮಾಣಪತ್ರ ಹೋಯಿತು, ಪೀಡೆ ತೊಲಗಿತು ಎಂದು ನಾನು ಒಳಗೊಳಗೇ ಹಿಗ್ಗಿದೆ. ಅವರ ತಖ್ತೆಯಲ್ಲಿ ಒಂದೇ ಪ್ರಶ್ನೆ ಇತ್ತು. ಯಂತ್ರ ಚಾಲೂ ಆಯಿತೇ? ಆಯಿತು ಅಥವಾ ಇಲ್ಲ, ಒಂದಕ್ಕೆ ಗುರುತು ಹಾಕಬೇಕು.

"ಆಯಿತು" ಎಂದು ಅವರು ಗುರುತು ಹಾಕಿದರು. ಕೆಳಗೆ ಬರೆದರು: ತೃಪ್ತಿಕರ.

"ಸಾಹೇಬ್ರ, ಉಲ್ಟಾ ಚಾಲೂ ಆತಲ್ರಿ!" ಎಂದು ಮಲ್ಲನಗೌಡರು ಕಿರುಚಿದರು.

"ದಿಕ್ಕಿಗೆ ಕಾಲಂ ಇಲ್ಲ" ಎಂದರು ಸಾಹೇಬರು.

ಹದಿನೈದು ದಿನಕ್ಕೆ ರಜಿಸ್ಟರ್ ಪತ್ರ ಬಂತು. ನನ್ನ ತೃಪ್ತಿಕರ ಸೇವೆಯನ್ನು ಪರಿಗಣಿಸಿ ಸಮಿತಿಯು ಮುಂದಿನ ಪರೀಕ್ಷೆಗೆ ನನ್ನನ್ನೇ ಪರೀಕ್ಷಕನನ್ನಾಗಿ ನೇಮಿಸಿತ್ತು! ಈ ಸಲ ಬಾಯಿಮಾತಿನ ಪರೀಕ್ಷೆ. ಅಭ್ಯರ್ಥಿಗಳ ಯಾದಿಯಲ್ಲಿ ಮೊದಲ ಹೆಸರು ಹುಸೇನಸಾಬನದು.

"ಛಲೋ ಆತಲ್ರಿ" ಎಂದಳು ನೀಲವ್ವ. "ಸುಮ್ನ ಕುಂತು ಅವರನ್ನ ಪಾಸ್ ಮಾಡಿ ಬರ್ರಿ. ಜಾಸ್ತಿ ಮಾತಾಡಬ್ಯಾಡ್ರಿ."

ಆ ದಿನ ನಾನು ಸಾಹೇಬರ ಬಗಲಿಗೆ ಕುರ್ಚಿಯಲ್ಲಿ ಕುಳಿತೆ. ಹುಸೇನಸಾಬ ಹೊಸ ಟೋಪಿ ಹಾಕಿಕೊಂಡು ಬಂದು ಎದುರಿಗೆ ನಿಂತ. ಅವನು ನಿಂತು ನಾನು ಕೂತದ್ದು ನೋಡಿಯೇ ನನಗೆ ಮೈ ಉರಿಯತೊಡಗಿತ್ತು. ಆದರೂ ತಡೆದುಕೊಂಡು ಕೇಳಿದೆ: "ಡೀಸೆಲ್ ಚಿಮ್ಮಿಸುವ ನಾಝಲ್ ಕೆಟ್ಟದ್ದು ಹೇಗೆ ತಿಳಿಯುತ್ತದೆ?"

ಅವನ ಮುಖ ಅರಳಿತು. ಸಪ್ಪಳ ಹೇಗೆ ಬದಲಾಗುತ್ತದೆ, ಪೈಪಿನ ಮೇಲೆ ಬೆರಳಿಟ್ಟರೆ ಬಡಿತ ಹೇಗೆ ಹತ್ತುತ್ತದೆ, ಎಂಥ ಕೆಡುಕಿಗೆ ಎಂಥ ವಾಸನೆ ಎಲ್ಲ ಹೇಳಿದ. ನಾನು ಮೈಮರೆತು ಕೇಳಿದೆ.

"ಉತ್ತರ ಸರಿಯೇ?" ಎಂದರು ಸಾಹೇಬರು.

ಹೂಂ ಎಂದರೆ ಮುಗಿಯುತ್ತಿತ್ತು! ಒಂದು ಹೂಂ! ಆದರೆ ಅಷ್ಟು ದಿನ ಹೊಟ್ಟೆಯೊಳಗಿಟ್ಟ ಸಿಟ್ಟು ಆ ಹೊತ್ತಿಗೇ ಉಕ್ಕಿತು. ಎದ್ದು ನಿಂತೆ.

"ಸರಿಯೋ ತಪ್ಪೋ ನನಗ ಹೆಂಗ ಗೊತ್ತಾಗಬೇಕ್ರಿ? ನಾ ಕನ್ನಡ ಸಾಲಿ ಮಾಸ್ತರ! ಎಂಜಿನ್ ಬಗ್ಗೆ ನನಗ ಏನೂ ಗೊತ್ತಿಲ್ಲ! ಕಲತಾಂವ ನಿಂತಾನ, ಕಲೀದಾಂವ ಕುಂತೇನಿ! ಇದ್ಯಾವ ಗುಣಮಟ್ಟಾರೀ ನಿಮ್ಮದು? ನನ್ನ ಸರ್ಟಿಫಿಕೇಟ್ ರದ್ದು ಮಾಡ್ರಿ!"

ನಾನು ಚಪ್ಪಾಳೆಯನ್ನು ನಿರೀಕ್ಷಿಸಿ ಸುತ್ತ ನೋಡಿದೆ.

ಸಾಹೇಬರು ನಿಯಮದ ಪುಸ್ತಕ ತೆರೆದು, ಪುಟ ಹುಡುಕಿ, ನಿಧಾನವಾಗಿ ಓದಿದರು. "ನಿಮ್ಮ ಪ್ರಮಾಣಪತ್ರ ರದ್ದು. ಪರೀಕ್ಷಕರು ಅನರ್ಹರಾದ್ದರಿಂದ ಇಂದಿನ ಪರೀಕ್ಷೆಯೂ ರದ್ದು. ಅಭ್ಯರ್ಥಿಗಳು ಮನೆಗೆ ಹೋಗಬಹುದು."

ಹುಸೇನಸಾಬ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮಾಸ್ತರ್ರ," ಎಂದ ಮೆಲ್ಲಗೆ, "ಇನ್ನ ಎರಡ ಮಿನಿಟ್ ಬಾಯಿ ಮುಚ್ಚಿದ್ರ ನಾ ಪಾಸ್ ಆಕ್ಕಿದ್ನಿ."

ಮೂರು ತಿಂಗಳ ಮೇಲೆ ಮರುಪರೀಕ್ಷೆ ಇಟ್ಟರು. ಅವನು ಹೊರಟ ದಿನ ನಾನೂ ಕೋಟು ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡ. "ನಿಮ್ಮ ಉಪಕಾರ ಈ ಜನ್ಮದಾಗ ಮರಿಯಂಗಿಲ್ರಿ. ಆದ್ರ ನೀವು ಬರಬ್ಯಾಡ್ರಿ" ಎಂದು ಬಸ್ಸು ಹತ್ತಿದ.

ಈ ಸಲದ ಪರೀಕ್ಷಕರು ಉಗುರಿನಲ್ಲಿ ಗ್ರೀಸು ಮೆತ್ತಿಕೊಂಡ ಒಬ್ಬ ವಯಸ್ಸಾದ ಮಿಸ್ತ್ರಿಯಂತೆ. ಇಬ್ಬರೂ ಚಹಾ ಕುಡಿಯುತ್ತ ಒಂದು ತಾಸು ಎಂಜಿನ್ನುಗಳ ಕಷ್ಟಸುಖ ಮಾತಾಡಿದರಂತೆ. ಹುಸೇನಸಾಬ ಫಸ್ಟ್ ಕ್ಲಾಸಿನಲ್ಲಿ ಪಾಸಾದ. ಶೆಡ್ಡಿನ ಮುಂದೆ ಪೇಢೆ ಹಂಚುತ್ತಿದ್ದಾಗ ಯಾರೋ ಕೇಳಿದರು: "ಸಾಬ್ರ, ಈ ಸಲ ಹೆಂಗ ಪಾಸಾದ್ರಿ?"

ಅವನು ಸುಳ್ಳು ಹೇಳುವ ಮನುಷ್ಯನಲ್ಲ. ನನ್ನ ಕೈಗೆ ಎರಡು ಪೇಢೆ ಹೆಚ್ಚಿಗೇ ಇಟ್ಟು ಹೇಳಿದ: "ಮಾಸ್ತರ್ರು ಮನ್ಯಾಗ ಇದ್ರಲ್ರಿ!"