ಕುರಿಯಜ್ಜನ ಹಿಂದೆ ಹದಿನಾಲ್ಕು ಮೇಷ್ಟ್ರು

ಕೊರಳಿಗೆ ಸೀಟಿ ಕಟ್ಟಿಕೊಂಡವನ ಬಳಿಗೆ ಫಜೀತಿಗಳು ವಿಳಾಸ ಕೇಳಿಕೊಂಡು ಬರುತ್ತವೆ. ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ನನಗೆ ಎಪ್ಪತ್ತರ ದಶಕದಲ್ಲಿ ಒಂದು ಹುಚ್ಚಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಮೇಷ್ಟ್ರುಗಳನ್ನೆಲ್ಲ ಕಟ್ಟಿಕೊಂಡು ಮತ್ತೋಡು ಕಡೆಯ ಗುಡ್ಡ ಹತ್ತಿಸುವುದು. ವರ್ಷಪೂರ್ತಿ ನಾನು ಕಾಯುತ್ತಿದ್ದದ್ದು ಆ ಒಂದು ದಿನಕ್ಕೆ.

ಹೆಡ್‌ಮಾಸ್ಟರಿಗೆ ಅದು ಸೇರುತ್ತಿರಲಿಲ್ಲ. ಒಂದು ವರ್ಷ ಪರೀಕ್ಷೆ ಮಾಡಲೆಂದು ತಾವೇ ಹೊರಟರು. "ನೋಡಿ, ಒಬ್ಬರು ಕಳೆದುಹೋದರೂ ಈ ಗುಡ್ಡದ ಕಾರ್ಯಕ್ರಮಕ್ಕೆ ಇದೇ ಕೊನೆ" ಎಂದರು. "ಆಗಲಿ ಸಾರ್" ಎಂದೆ. ಅವರೂ ಸೇರಿ, ನನ್ನನ್ನು ಬಿಟ್ಟು ಹದಿನಾಲ್ಕು ಜನ. ಅಷ್ಟು ಎಣಿಸುವುದು ಡ್ರಿಲ್ ಮೇಷ್ಟ್ರಿಗೆ ಯಾವ ಮಹಾ ಕೆಲಸ?

ಕೆಮ್ಮಣ್ಣು

ದಾರಿ ತೋರಿಸಲು ಒಪ್ಪಿಕೊಂಡಿದ್ದವನು ಕುರಿ ಮೇಯಿಸುವ ಒಬ್ಬ ಅಜ್ಜ. ಬುಡದಲ್ಲೇ ನಮ್ಮನ್ನು ನಿಲ್ಲಿಸಿ, ಕರಟದಲ್ಲಿ ಕೆಮ್ಮಣ್ಣು ಕಲೆಸಿ, ಒಬ್ಬೊಬ್ಬರ ಬೆನ್ನಿಗೂ ಮೂರು ಬೆರಳು ಎಳೆಯತೊಡಗಿದ.

"ಇದೇನಜ್ಜ?"

"ಗುಡ್ಡದಾಗೆ ಇನ್ನೊಂದು ಮಂದೆ ಐತೆ. ಬೆರಕೆ ಆದ್ರೆ ಯಾವ್ದು ಯಾರ್ದು ಅಂತ ಹೆಂಗೆ ಗೊತ್ತಾಗ್‌ಬೇಕು?"

ನಕ್ಕು ಎಲ್ಲರೂ ಬೆನ್ನು ಕೊಟ್ಟೆವು. ಹೆಡ್‌ಮಾಸ್ಟರು ಮಾತ್ರ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಿಡಿದುಕೊಂಡು ಹಿಂದೆ ಸರಿದರು. "ನಾನು ಬಿ.ಎ., ಬಿ.ಟಿ. ಓದಿದವನು. ನನಗೆ ಗುರುತು ಬೇಕೇನಯ್ಯಾ?"

ಅಜ್ಜ ಕರಟ ಕೆಳಗಿಟ್ಟ. "ಬ್ಯಾಡ ಬಿಡ್ರಿ. ಹೊಸ ಟಗರೂ ಮೊದ್ಲು ಹಿಂಗೇ ಮಾಡ್ತೈತೆ."

ಮುಂದಾಳು

ಸೀಟಿ ಊದಿ ಮುಂದೆ ಹೊರಟ ನನ್ನನ್ನು ಅಜ್ಜ ರಟ್ಟೆ ಹಿಡಿದು ಸಾಲಿನ ಕೊನೆಗೆ ನಿಲ್ಲಿಸಿದ. ಮುಂದಕ್ಕೆ ಕನ್ನಡ ಪಂಡಿತರನ್ನು ಬಿಟ್ಟ. ಪಂಡಿತರದು ಭಾರಿ ಶರೀರ. ಆದರೂ ಆವತ್ತು ಅವರ ಠೀವಿ ನೋಡಬೇಕಿತ್ತು. ಪ್ರತಿ ತಿರುವಿನಲ್ಲೂ ನಿಂತು, ಏದುಸಿರು ಬಿಡುತ್ತ, "ಎಲ್ಲರೂ ನನ್ನನ್ನು ಅನುಸರಿಸಿ" ಎನ್ನುವರು. ಮುಂದಾಳುತನ ಕಲಿತು ಬರುವುದಲ್ಲ, ಹುಟ್ಟಿನಿಂದಲೇ ಬರಬೇಕು ಎಂದು ಒಂದು ಸಣ್ಣ ಭಾಷಣವೂ ಆಯಿತು.

ನೆತ್ತಿ ತಲುಪಿದಾಗ ತಡೆಯಲಾರದೆ ಕೇಳಿಯೇಬಿಟ್ಟರು. "ಅಜ್ಜ, ಇಷ್ಟು ಜನರಲ್ಲಿ ನನ್ನನ್ನೇ ಹೇಗೆ ಆರಿಸಿದೆ?"

"ಕುಂಟೋ ಕುರೀನ ಮುಂದೆ ಬಿಡ್ಬೇಕ್ರಿ. ಆಗ ಯಾವ್ದೂ ಹಿಂದೆ ಉಳಿಯಾಕಿಲ್ಲ."

ಪಂಡಿತರು ಸರಸರನೆ ಬುತ್ತಿಯ ಗಂಟು ಬಿಚ್ಚಿದರು.

ಒಂದು ಎಲಡಿಕೆ ಹೊತ್ತು

ಇದು ಹತ್ತುವಾಗಲೇ ನಡೆದದ್ದು, ಹೇಳಲು ಮರೆತೆ. ಗಣಿತದ ಮೇಷ್ಟ್ರು "ಇನ್ನೆಷ್ಟು ದೂರ?" ಎಂದು ಕೇಳಿದಾಗಲೆಲ್ಲ ಅಜ್ಜನದು ಒಂದೇ ಉತ್ತರ: "ಒಂದು ಎಲಡಿಕೆ ಹಾಕ್ಕಣಷ್ಟು ಹೊತ್ತು." ಮೇಷ್ಟ್ರು ಗಡಿಯಾರ ನೋಡಿಕೊಂಡು ನಡೆದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಮುಕ್ಕಾಲು ಗಂಟೆಯಾಯಿತು. ಗುಡ್ಡ ಇದ್ದ ಹಾಗೇ ಇತ್ತು. ಮೇಷ್ಟ್ರು ಬಂಡೆಯ ಮೇಲೆ ಕುಕ್ಕರಿಸಿ, "ಅಜ್ಜ, ನಿನ್ನ ಲೆಕ್ಕ ಪೂರ್ತಿ ತಪ್ಪು" ಎಂದು ರೇಗಿದರು.

ಅಜ್ಜ ಸಮಾಧಾನವಾಗಿ ಅವರ ಬಾಯಿ ನೋಡಿದ. "ಲೆಕ್ಕ ಸರೀಗೈತೆ ಮೇಷ್ಟ್ರೇ. ನೀವು ಇನ್ನೂ ಎಲಡಿಕೆ ಹಾಕ್ಕಂಡೇ ಇಲ್ವಲ್ಲ!"

ಹದಿನಾಲ್ಕನೆಯವರು

ವಾಪಸಾಗಲು ಶ್ರೀರಾಂಪುರದಲ್ಲಿ ಐದು ಗಂಟೆಯ ಬಸ್ಸು ತಪ್ಪಿದರೆ ಆವತ್ತು ಮತ್ತೆ ಬಸ್ಸಿಲ್ಲ. ಊಟ ಮಾಡಿ, ಮರದಡಿ ಒಂದು ನಿದ್ದೆ ತೆಗೆದ ಮೇಲೆ ಸೀಟಿ ಊದಿದೆ. ಬಿಸಿಲಿಗೆ ಎಲ್ಲರೂ ತಲೆಗೆ ಟವೆಲಿನ ಮುಸುಕು ಹಾಕಿದ್ದರು. ಹಿಂದಿನಿಂದ ಎಣಿಸಿದೆ. ಹದಿಮೂರು ಕೆಂಪು ಬೆನ್ನು, ಒಂದು ಬಿಳಿ ಬೆನ್ನು. ಒಟ್ಟು ಹದಿನಾಲ್ಕು.

"ಸರಿಯಾಗಿದೆ, ನಡೀರಿ!"

ಅರ್ಧ ಗುಡ್ಡ ಇಳಿದಾಗ ಅಜ್ಜ ನಿಂತು ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿದ. "ಒಂದು ನಮ್ದಲ್ಲ" ಎಂದ.

"ಅಜ್ಜ, ಇಪ್ಪತ್ತು ವರ್ಷದಿಂದ ಎಣಿಸ್ತಾ ಇದೀನಿ. ಹದಿನಾಲ್ಕು ಅಂದ್ರೆ ಹದಿನಾಲ್ಕು."

"ಲೆಕ್ಕ ಸರೀಗೈತ್ರಿ. ಕುರಿ ಸರಿ ಇಲ್ಲ. ನಾವು ಎಣಿಸಾಕಿಲ್ಲ, ಮಕ ನೋಡ್ತೀವಿ."

ಬಿಳಿ ಶರ್ಟಿನವರ ಟವೆಲು ಸರಿಸಿದೆ. ದೊಡ್ಡ ಮೀಸೆಯ ಅಪರಿಚಿತ! ಗುಡ್ಡದ ಮೇಲಿನ ಗುಡಿಗೆ ಹರಕೆ ತೀರಿಸಲು ಬಂದವನಂತೆ.

"ನೀನ್ಯಾಕಪ್ಪ ಸಾಲಿನಲ್ಲಿ ನಿಂತೆ?"

"ಉಣ್ಣು ಅಂತ ಕರೆದ್ರಿ, ಉಂಡೆ. ಸೀಟಿ ಊದಿದ್ರಿ, ನಿಂತೆ. ಉಂಡ ಮನೆ ಮಾತು ಮೀರಾದು ಹೆಂಗ್ರಿ?"

ಕಳೆದುಹೋದವರು ಸಾಕ್ಷಾತ್ ಹೆಡ್‌ಮಾಸ್ಟರು. ನನ್ನ ಗುಡ್ಡದ ಕಾರ್ಯಕ್ರಮ ಮುಗಿದಂತೆಯೇ ಎಂದು ನಿಜವಾಗಿ ಸಂಕಟವಾಯಿತು. ಕೆನ್ನೆ ನೋಯುವವರೆಗೆ ಸೀಟಿ ಊದಿದೆ.

ಅಜ್ಜ ಬಾಯಿಗೆ ಕೈ ಅಡ್ಡ ಹಿಡಿದು ಒಂದು ಉದ್ದನೆಯ ಕೂಗು ಹಾಕಿದ. ಎದುರಿನ ಇಳಿಜಾರಿನಿಂದ ಇನ್ನೊಂದು ಕೂಗು ಬಂತು. ಸ್ವಲ್ಪ ಹೊತ್ತಿಗೆ ಒಂದು ಮಂದೆ ಇಳಿದುಬಂತು. ಅದರ ನಟ್ಟನಡುವೆ, ನಾಲ್ಕು ಕಡೆಯೂ ಕುರಿ ಒತ್ತಿಕೊಂಡು, ನಮ್ಮ ಹೆಡ್‌ಮಾಸ್ಟರು. ಬಂಡೆಯ ಮರೆಯಲ್ಲಿ ನಿದ್ದೆ ಹೋಗಿ, ಎದ್ದು ಬೇರೆ ದಾರಿ ಹಿಡಿದಿದ್ದರಂತೆ. ಶರ್ಟಿನ ಬೆನ್ನ ಮೇಲೆ ನೀಲಿ ಬಣ್ಣದ ಒಂದು ದುಂಡನೆ ಗುರುತು!

ಆ ಮಂದೆಯವನು ಕೇಳಿದ. "ಇದು ನಿಮ್ದೇನಜ್ಜ? ಗುರುತೇ ಇರ್ಲಿಲ್ಲ. ಮತ್ತೆ ಕಳೆದುಹೋಗಬಾರ್ದು ಅಂತ ನಮ್ದೇ ಹಾಕ್ದೆ."

"ನಮ್ದೇ ಕಣಪ್ಪ. ಬೆಳಿಗ್ಗೆ ಹಾಕಿಸ್ಕಳ್ಳಲಿಲ್ಲ" ಎಂದು ಅಜ್ಜ ಚೀಲದಿಂದ ಕೆಮ್ಮಣ್ಣು ತೆಗೆದು ಕಲೆಸಿದ.

ಯಾರೂ ನಗುವ ಧೈರ್ಯ ಮಾಡಲಿಲ್ಲ. ಹೆಡ್‌ಮಾಸ್ಟರು ನನ್ನನ್ನೊಮ್ಮೆ ನೋಡಿದರು, ಗಡಿಯಾರ ನೋಡಿಕೊಂಡರು, ಆಮೇಲೆ ತಾವಾಗಿಯೇ ಅಜ್ಜನ ಕಡೆಗೆ ಬೆನ್ನು ತಿರುಗಿಸಿ ನಿಂತರು.

"ಸ್ವಲ್ಪ ದಪ್ಪಗೇ ಹಚ್ಚಪ್ಪ. ಮುಂದಿನ ವರ್ಷಕ್ಕೂ ಬೇಕಾಗುತ್ತೆ."